ಜಿಪಿಎಸ್ ತಗೊಳ್ಳೋಕೆ ಮುಂಚೆ ನಾಲ್ಕು ಮಾತು

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಜನ ಮೂರು ಬೈಕಿನಲ್ಲಿ ತೀರ್ಥಹಳ್ಳಿ ಕಡೆ ಹೋಗಿದ್ದೆವು. ಮಧ್ಯಾಹ್ನ ಕವಲೇದುರ್ಗ ಹತ್ತಿ ಇಳಿದು, ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡೋದು ಪ್ಲಾನ್. ಕೋಟೆ ಇಳಿಯುವಷ್ಟರಲ್ಲೇ ನಾಲ್ಕೂವರೆ ಆಗಿತ್ತು. ಮೊಬೈಲ್ ಎರಡು ದಾರಿ ತೋರಿಸಿತು. ಒಂದು, ಮುಖ್ಯರಸ್ತೆಗೆ ವಾಪಸ್ ಹೋಗಿ ಸುತ್ತಿಕೊಂಡು ಹೋಗೋದು. ಇನ್ನೊಂದು, ತೋಟಗಳ ನಡುವೆ ಹಾದುಹೋಗುವ ತೆಳ್ಳನೆಯ ಗೆರೆ. ಅದರಲ್ಲಿ ಹೋದ್ರೆ 14 ನಿಮಿಷ ಉಳಿಯುತ್ತೆ ಅಂತ ಬರೆದಿತ್ತು. ಹದಿನಾಲ್ಕು ನಿಮಿಷ ಅಂದ್ರೆ ಸೂರ್ಯ ಸಿಗ್ತಾನೆ. ಯಾರೂ ಎರಡನೇ ಸಲ ಯೋಚನೆ ಮಾಡಲಿಲ್ಲ.

ಡಾಂಬರು ಹೋಗಿ ಜಲ್ಲಿ ಬಂತು, ಜಲ್ಲಿ ಹೋಗಿ ಕೆಮ್ಮಣ್ಣು ಬಂತು, ಕೆಮ್ಮಣ್ಣು ಹೋಗಿ ಬರೀ ತರಗೆಲೆ ಬಂತು. ಕೊನೆಗೆ ದಾರಿ ಒಂದು ಹಳ್ಳದ ಮುಂದೆ ನಿಂತುಬಿಟ್ಟಿತು. ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ದಬ್ಬೆ ಹಾಕಿದ ಕಾಲುಸಂಕ. ಮನುಷ್ಯ ಒಬ್ಬ ಹುಷಾರಾಗಿ ದಾಟಬಹುದು, ಅಷ್ಟೇ. ಮೊಬೈಲ್ ಮಾತ್ರ 'ನೇರವಾಗಿ ಮುಂದುವರಿಯಿರಿ' ಅಂತ ಹೇಳ್ತಾನೇ ಇತ್ತು. ಆ ಇಕ್ಕಟ್ಟಿನಲ್ಲಿ ಬೈಕ್ ತಿರುಗಿಸುವಾಗ ನಮ್ಮಲ್ಲೊಬ್ಬ ಜಾರಿದ, ಬೈಕ್ ಅವನ ಪಾದದ ಮೇಲೇ ಬಿತ್ತು. ಹತ್ತು ನಿಮಿಷದಲ್ಲಿ ಶೂ ಬಿಚ್ಚೋಕೂ ಆಗದ ಹಾಗೆ ಕಾಲು ಊದಿಕೊಂಡಿತು.

ಅಲ್ಲಿ ಯಾವ ಸಿಮ್ಮಿಗೂ ನೆಟ್‌ವರ್ಕ್ ಇಲ್ಲ. ಒಬ್ಬ ಗುಡ್ಡ ಹತ್ತಿದ. ಮೇಲೆ ಒಂದು ಕಡ್ಡಿ ಸಿಕ್ಕಿತು. ತೀರ್ಥಹಳ್ಳಿಯಲ್ಲಿ ಜೀಪ್ ಇಟ್ಟುಕೊಂಡಿರುವ ಪರಿಚಯದವರಿಗೆ ಫೋನ್ ಮಾಡಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿದ್ದೀರಿ?" ನಮ್ಮವನು ಪರದೆ ನೋಡಿ ಅಕ್ಷಾಂಶ, ರೇಖಾಂಶ ಎರಡನ್ನೂ ಆರು ದಶಮಾಂಶ ಸ್ಥಾನದವರೆಗೆ ಓದಿದ. ಆ ಕಡೆಯಿಂದ ಉತ್ತರ: "ನಂಬರೆಲ್ಲ ಬೇಡ ಮಾರಾಯ, ಊರಿನ ಹೆಸರು ಹೇಳು."

ಅದೊಂದು ನಮಗೆ ಗೊತ್ತಿರಲಿಲ್ಲ. ಆರನೇ ದಶಮಾಂಶ ಅಂದ್ರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಒಂದು ಗೇಣಿಗಿಂತ ಕಡಿಮೆ ಲೆಕ್ಕದಲ್ಲಿ ಜಾಗ ಹೇಳ್ತಿದ್ದೀವಿ, ಆದ್ರೆ ಊರು ಗೊತ್ತಿಲ್ಲ! ಕೊನೆಗೆ ಸೊಪ್ಪಿನ ಹೊರೆ ಹೊತ್ತು ಸಂಕ ದಾಟಿ ಬಂದ ಅಜ್ಜಿಯೊಬ್ಬರನ್ನು ಕೇಳಿದೆವು. ಅವರು ಊರಿನ ಹೆಸರು ಹೇಳಿ, ಯಾವ ಕಟ್ಟೆಯ ಹತ್ತಿರ ಎಡಕ್ಕೆ ತಿರುಗಬೇಕು ಅನ್ನೋದನ್ನೂ ಹೇಳಿದರು. ಅದನ್ನೇ ಗುಡ್ಡದ ಮೇಲಿದ್ದವನಿಗೆ ಕೂಗಿ ಹೇಳಿದೆವು. ಮುಕ್ಕಾಲು ಗಂಟೆಯಲ್ಲಿ ಜೀಪ್ ಬಂತು. ಪಾದದ ಒಂದು ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ಸೂರ್ಯಾಸ್ತವನ್ನ ನಾವು ಆಸ್ಪತ್ರೆಯ ಎಕ್ಸ್-ರೇ ರೂಮಿನ ಕಿಟಕಿಯಿಂದ ನೋಡಿದೆವು.

ಹಾಸ್ಟೆಲ್ಲಿಗೆ ಬಂದ ಮೇಲೆ ಚರ್ಚೆ ಶುರುವಾಯ್ತು. "ಮೊಬೈಲ್ ನಂಬಿ ಕೆಟ್ಟೆವು, ಎಲ್ಲರೂ ದುಡ್ಡು ಹಾಕಿ ಒಳ್ಳೇ ಜಿಪಿಎಸ್ ಡಿವೈಸ್ ತಗೊಳ್ಳೋಣ" ಅಂತ ಇಬ್ಬರು. "ಡಿವೈಸ್ ಇದ್ದಿದ್ರೂ ಅದೇ ಸಂಕದ ಮುಂದೆ ನಿಲ್ತಿದ್ದೆವು" ಅಂತ ಮೂವರು. ಎರಡು ವಾರ ಹುಡುಕಿ, ಓದಿ, ಜಗಳಾಡಿ ನಾವು ಬಂದ ತೀರ್ಮಾನವನ್ನ ಮೊದಲೇ ಹೇಳಿಬಿಡ್ತೀವಿ. ನಮ್ಮಂಥ ವಿದ್ಯಾರ್ಥಿಗಳಿಗೆ ಹೊಸ ಡಿವೈಸ್ ಬೇಡ, ಡ್ರಾಯರಿನಲ್ಲಿ ಬಿದ್ದಿರುವ ಹಳೇ ಫೋನ್ ಸಾಕು. ಆದ್ರೆ ಯಾವುದನ್ನೇ ಬಳಸಿದರೂ, ಅದು ಮಾಡೋದು ಒಂದು ಕೆಲಸ ಅಲ್ಲ, ನಾಲ್ಕು. ಆ ನಾಲ್ಕನ್ನೂ ಒಟ್ಟಿಗೆ ಸೇರಿಸಿ 'ಜಿಪಿಎಸ್' ಅಂತ ಕರೆಯೋದೇ ನಮ್ಮ ತಪ್ಪು. ಮೂರು ಸರಿಯಿದ್ದು ಒಂದು ಕೈಕೊಟ್ಟರೂ ಹಳ್ಳದ ದಂಡೆಯೇ ಗತಿ.

ಮೊದಲನೇ ಕೆಲಸ: ನಾವು ಎಲ್ಲಿದ್ದೀವಿ ಅಂತ ಕಂಡುಹಿಡಿಯೋದು. ನಿಜವಾದ ಜಿಪಿಎಸ್ ಅಂದ್ರೆ ಇಷ್ಟೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು 'ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೀನಿ' ಅಂತ ಸಾರುತ್ತಲೇ ಇರುತ್ತವೆ. ನಮ್ಮ ಕೈಯಲ್ಲಿರೋದು ಬರೀ ಕೇಳಿಸಿಕೊಳ್ಳುವ ರೇಡಿಯೋ. ನಾಲ್ಕು ಉಪಗ್ರಹ ಬೇಕು, ಯಾಕಂದ್ರೆ ಗೊತ್ತಿಲ್ಲದ್ದು ನಾಲ್ಕು: ಎಕ್ಸ್, ವೈ, ಝಡ್, ಮತ್ತೆ ನಮ್ಮ ಅಗ್ಗದ ಗಡಿಯಾರದ ತಪ್ಪು. ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಐನ್‌ಸ್ಟೈನ್ ಯಾಕೆ ಬೇಕು ಅಂತ ಗೊಣಗಿದವರಿಗೆ ಒಂದು ಮಾತು. ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಬೆಳಕಿನ ವೇಗದಿಂದ ಗುಣಿಸಿ ನೋಡಿ, 11 ಕಿಲೋಮೀಟರ್ ಬರುತ್ತೆ. ಆ ತಿದ್ದುಪಡಿ ಮಾಡದೇ ಇದ್ರೆ ಒಂದೇ ದಿನದಲ್ಲಿ ಇಡೀ ವ್ಯವಸ್ಥೆ ದಿಕ್ಕು ತಪ್ಪುತ್ತೆ.

ಇದು ನಮಗೆ ಪುಕ್ಕಟೆ ಸಿಗೋದಕ್ಕೂ ದಾರಿ ತಪ್ಪಿದ ಕಥೆಯೊಂದು ಹಿನ್ನೆಲೆಯಲ್ಲಿದೆ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶಕ್ಕೆ ಹೋಗಿ, ಹೊಡೆತಕ್ಕೆ ಸಿಕ್ಕಿ 269 ಜನ ಸತ್ತರು. ಅದಾದ ಮೇಲೆ ಅಮೆರಿಕ ತನ್ನ ಸೇನೆಗಾಗಿ ಕಟ್ಟುತ್ತಿದ್ದ ಜಿಪಿಎಸ್ಸನ್ನ ಜನಸಾಮಾನ್ಯರಿಗೂ ಕೊಡ್ತೀವಿ ಅಂತ ಘೋಷಿಸಿತು. ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನ 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆಯೇ ಅದು ರಸ್ತೆಯಲ್ಲಿ ನೆಚ್ಚುವ ಮಟ್ಟಕ್ಕೆ ಬಂತು. ಇವತ್ತು ಸಾಧಾರಣ ಫೋನೂ ಬಯಲಿನಲ್ಲಿ ಸುಮಾರು 5 ಮೀಟರಿನೊಳಗೆ ಜಾಗ ಹೇಳುತ್ತೆ.

ಆದ್ದರಿಂದ 'ನೆಟ್‌ವರ್ಕ್ ಇಲ್ಲ, ಹಾಗಾಗಿ ಜಿಪಿಎಸ್ ಇಲ್ಲ' ಅನ್ನೋದು ತಪ್ಪು. ನೆಟ್‌ವರ್ಕ್ ಇದ್ರೆ ಶುರುವಾಗೋದು ಬೇಗ, ಅಷ್ಟೇ. ಜಿಪಿಎಸ್ ಉಪಗ್ರಹ ತನ್ನ ವಿವರ ಕಳಿಸೋದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ಅದರ ಸ್ವಂತ ಕಕ್ಷೆಯ ಲೆಕ್ಕ ಸಿಗೋಕೆ 30 ಸೆಕೆಂಡ್, ಎಲ್ಲಾ ಉಪಗ್ರಹಗಳ ಪಟ್ಟಿ ಪೂರ್ತಿ ಸಿಗೋಕೆ 12.5 ನಿಮಿಷ. ಫೋನು ಇದನ್ನೆಲ್ಲ ಇಂಟರ್ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತೆ. ಹಾಗಾಗಿ ಊರು ಬಿಡುವ ಮುಂಚೆಯೇ ನ್ಯಾವಿಗೇಶನ್ ಶುರು ಮಾಡಿ. ಕಾಡಿನ ನಡುವೆ ಆಫ್ ಆಗಿಬಿಟ್ರೆ, ಆಕಾಶ ಕಾಣುವ ಜಾಗದಲ್ಲಿ ಎರಡು-ಮೂರು ನಿಮಿಷ ಸುಮ್ಮನೆ ನಿಲ್ಲಿ. ಓಡಾಡುತ್ತಾ 'ಸಿಗ್ತಿಲ್ಲ, ಸಿಗ್ತಿಲ್ಲ' ಅಂತ ಕೂಗಬೇಡಿ.

ಕೊಳ್ಳುವಾಗ ಈ ಕೆಲಸಕ್ಕೆ ನೋಡಬೇಕಾದ್ದು: ಜಿಪಿಎಸ್ ಒಂದೇ ಅಲ್ಲದೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೋ ಹಿಡಿಯುತ್ತಾ? ಎಲ್1 ಜೊತೆ ಎಲ್5 ತರಂಗಾಂತರ ಇದೆಯಾ? ಎರಡಿದ್ದರೆ ದೊಡ್ಡ ಕಟ್ಟಡ, ಕಡಿದಾದ ಗುಡ್ಡಗಳಿಂದ ಪ್ರತಿಫಲಿಸಿ ಬರುವ ಸಿಗ್ನಲ್ಲಿಗೆ ಮೋಸ ಹೋಗೋದು ಕಡಿಮೆ. ನಮ್ಮದೇ ನಾವಿಕ್ ಹಿಡಿದರೆ ಇನ್ನೂ ಒಳ್ಳೇದು. ಅದರ ನ್ಯಾವಿಗೇಶನ್ ಕೇಂದ್ರ ಇರೋದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. 2013ರಲ್ಲಿ ಮೊದಲ ಉಪಗ್ರಹ ಹೋಯ್ತು. ಮುಂದೆ ಹೊರಗಿಂದ ತರಿಸಿದ ಕೆಲವು ಅಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ.

ಆ ದಿನ ಹಳ್ಳದ ಹತ್ತಿರ ಈ ಮೊದಲನೇ ಕೆಲಸ ಪಕ್ಕಾ ಆಗಿತ್ತು. ಚುಕ್ಕಿ ನಾವಿದ್ದಲ್ಲೇ ಇತ್ತು.

ಎರಡನೇ ಕೆಲಸ: ಆ ಚುಕ್ಕಿಯ ಕೆಳಗೆ ಮ್ಯಾಪ್ ಹಾಸೋದು. ನೆಟ್‌ವರ್ಕ್ ಹೋದಾಗ ನಿಜವಾಗಿ ಮಾಯವಾಗೋದು ಇದು. ಬೂದು ಬಣ್ಣದ ಖಾಲಿ ಪರದೆ, ಮಧ್ಯೆ ಒಂದು ನೀಲಿ ಚುಕ್ಕಿ. ಕಾರಿನ ಗಾಜಿಗೆ ಅಂಟಿಸುವ ಗಾರ್ಮಿನ್, ಮ್ಯಾಪ್‌ಮೈಇಂಡಿಯಾ ತರದ ಡಿವೈಸುಗಳ ದೊಡ್ಡ ಗುಣ ಅಂದ್ರೆ ದೇಶದ ಮ್ಯಾಪ್ ಪೂರ್ತಿ ಒಳಗೇ ಇರೋದು. ಆದ್ರೆ ಅದನ್ನ ಫೋನಿನಲ್ಲೂ ಮಾಡಬಹುದು. ಹೊರಡುವ ಹಿಂದಿನ ರಾತ್ರಿ ಹಾಸ್ಟೆಲ್ ವೈಫೈನಲ್ಲಿ ಹೋಗುವ ಜಿಲ್ಲೆಗಳ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡ್ರೆ ಆಯ್ತು. ಕೆಲವು ಆ್ಯಪುಗಳಲ್ಲಿ ಇಳಿಸಿದ ಮ್ಯಾಪಿಗೆ ಅವಧಿ ಇರುತ್ತೆ, ಅದನ್ನೊಮ್ಮೆ ನೋಡಿಕೊಳ್ಳಿ. ಆಮೇಲೆ ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ಲೊಕೇಶನ್ ಮಾತ್ರ ಆನ್ ಇಟ್ಟು, ಕ್ಯಾಂಪಸ್ ಸುತ್ತ ಒಂದು ರೌಂಡ್ ಹೊಡೆಯಿರಿ. ಅಲ್ಲಿ ಕೆಲಸ ಮಾಡಿದ್ರೆ ಆಗುಂಬೆಯಲ್ಲೂ ಮಾಡುತ್ತೆ.

ಸೆಕೆಂಡ್ ಹ್ಯಾಂಡ್ ಡಿವೈಸ್ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯಬೇಡಿ. ಮೊದಲು ಕೇಳಬೇಕಾದ ಪ್ರಶ್ನೆ, 'ಮ್ಯಾಪ್ ಯಾವ ವರ್ಷದ್ದು, ಹೊಸದು ಸಿಗುತ್ತಾ?' ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕಿಂತ ಹಳೇ ಮ್ಯಾಪಿನಲ್ಲಿ 'ಕಲಬುರಗಿ' ಅಂತ ಹುಡುಕಿದ್ರೆ ಏನೂ ಸಿಗದೆ 'ಗುಲ್ಬರ್ಗ' ಅಂತ ಹುಡುಕಬೇಕಾಗುತ್ತೆ. ಇನ್ನೊಂದು ತಾಂತ್ರಿಕ ತಮಾಷೆ: ಜಿಪಿಎಸ್ ತನ್ನ ವಾರಗಳನ್ನ 10 ಬಿಟ್‌ನಲ್ಲಿ ಎಣಿಸುತ್ತಿತ್ತು. 1024 ವಾರ ಆದ ಮೇಲೆ ಮತ್ತೆ ಸೊನ್ನೆ. ಹಾಗೆ 2019ರ ಏಪ್ರಿಲ್ 6ರಂದು ಎರಡನೇ ಸಲ ಸೊನ್ನೆಗೆ ಬಂದಾಗ, ಅಪ್‌ಡೇಟ್ ಆಗದ ಹಳೇ ಡಿವೈಸುಗಳಲ್ಲಿ ತಾರೀಖೇ ಕೆಟ್ಟುಹೋಯ್ತು. ಕೊಳ್ಳುವ ಮುಂಚೆ ಆನ್ ಮಾಡಿಸಿ ತಾರೀಖು ನೋಡಿ.

'ಅಮೆರಿಕದಲ್ಲಿರೋ ಚಿಕ್ಕಪ್ಪ ತಂದುಕೊಡ್ತಾರೆ' ಅನ್ನೋರಿಗೆ ಎರಡು ಎಚ್ಚರಿಕೆ. ಅಲ್ಲಿ ಮಾರುವ ಡಿವೈಸಿನಲ್ಲಿ ಸಾಮಾನ್ಯವಾಗಿ ಅಲ್ಲಿನ ಮ್ಯಾಪ್ ಇರುತ್ತೆ, ಭಾರತದ್ದಕ್ಕೆ ಬೇರೆ ದುಡ್ಡು. ಎರಡನೆಯದು ಗಂಭೀರ. ಉಪಗ್ರಹದ ಮೂಲಕ ಮೆಸೇಜ್, ಎಸ್‌ಒಎಸ್ ಕಳಿಸುವ ಡಿವೈಸುಗಳನ್ನ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳೋ ಹಾಗಿಲ್ಲ. ಬರೀ ಕೇಳಿಸಿಕೊಳ್ಳುವ ಜಿಪಿಎಸ್ಸಿಗೆ ಈ ತೊಂದರೆ ಇಲ್ಲ. ಎರಡೂ ನೋಡೋಕೆ ಒಂದೇ ತರ ಇರುತ್ತೆ, ಹುಷಾರು.

ಮೂರನೇ ಕೆಲಸ: ದಾರಿ ಆರಿಸೋದು. ಇದು ನಮಗೆಲ್ಲ ಗೊತ್ತಿರೋದೇ. ಡೈಕ್‌ಸ್ಟ್ರಾ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಫೆಯಲ್ಲಿ ಕೂತು 20 ನಿಮಿಷದಲ್ಲಿ ಯೋಚಿಸಿದ್ದನ್ನ ನಾವು ಲ್ಯಾಬಿನಲ್ಲಿ ಮೂರು ಗಂಟೆ ಕೂತು ಕಾಪಿ ಮಾಡ್ತೀವಿ. ರಸ್ತೆಗಳೆಲ್ಲ ಎಡ್ಜ್, ಪ್ರತಿ ಎಡ್ಜಿಗೂ ಒಂದು ವೆಯ್ಟ್, ಒಟ್ಟು ಕಡಿಮೆ ಬರೋದೇ ದಾರಿ. ಇವತ್ತಿನ ಆ್ಯಪುಗಳು ಇದನ್ನ ಬಹಳ ಚುರುಕು ಮಾಡಿವೆ, ಮೂಲ ಮಾತ್ರ ಅದೇ. ಲೆಕ್ಕ ಎಂದೂ ತಪ್ಪಾಗಲ್ಲ, ತಪ್ಪಾಗೋದು ವೆಯ್ಟ್. ನಾವು ಹೋದ ಆ ಗೆರೆ ಸುಳ್ಳಲ್ಲ. ಅಲ್ಲಿ ನಿಜವಾಗಿಯೂ ದಾರಿ ಇತ್ತು. ಅದು ಕಾಲುದಾರಿ. ಯಾರೋ ಅದನ್ನ ರಸ್ತೆ ಅಂತ ಗುರುತು ಹಾಕಿದರು, ಲೆಕ್ಕ ಅದನ್ನ ನಂಬಿತು, ನಾವು ಲೆಕ್ಕವನ್ನ ನಂಬಿದೆವು. ಅದಕ್ಕೇ ಹೇಳೋದು, ಐವತ್ತು ಸಾವಿರದ ಡಿವೈಸ್ ಇದ್ದಿದ್ರೂ ಅದೇ ತಪ್ಪು ಗೆರೆ ಅದರೊಳಗಿದ್ರೆ ನಾವು ಅದೇ ಸಂಕದ ಮುಂದೆ ನಿಲ್ತಿದ್ದೆವು.

ವೆಯ್ಟಿನಲ್ಲಿ ಸಿಗದ ವಿಷಯಗಳು ಇನ್ನೂ ಇವೆ. ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766, ಊಟಿ ಕಡೆಗೆ ಹೋಗುವ ಹೆದ್ದಾರಿ ಎರಡರಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಪ್ರಾಣಿಗಳಿಗಾಗಿ ಮಾಡಿದ ನಿಯಮ ಅದು, ಸರಿಯಾದದ್ದೇ. ಒಳಗಿರುವ ಹಳೇ ಮ್ಯಾಪಿಗೆ ರಸ್ತೆ ಮಾತ್ರ ಗೊತ್ತು, ಗೇಟು ಗೊತ್ತಿರಲೇಬೇಕು ಅಂತೇನಿಲ್ಲ. ಒಂಬತ್ತೂಕಾಲಿಗೆ ಹೋಗಿ ಗೇಟಿನ ಮುಂದೆ ನಿಂತವರಿಗೆ ಅದು 'ಇನ್ನು ಒಂದು ಗಂಟೆಯಲ್ಲಿ ತಲುಪುತ್ತೀರಿ' ಅಂತ ಧೈರ್ಯ ಹೇಳಬಹುದು. ಹಾಗೇ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲಿದ್ದೀರೋ ಕೆಳಗಿದ್ದೀರೋ ಅಂತ ಚುಕ್ಕಿಗೆ ಗೊಂದಲ ಆಗುತ್ತೆ. ಮೇಲಿನಿಂದ ನೋಡಿದ್ರೆ ಎರಡೂ ಒಂದೇ ಗೆರೆ.

ಹಾಗಾಗಿ ಬಳಸುವ ರೀತಿ ಹೀಗಿರಲಿ. ಹೊರಡುವ ಮುಂಚೆ ದಾರಿ ಪೂರ್ತಿ ಒಂದ್ಸಲ ದೊಡ್ಡದು ಮಾಡಿ ನೋಡಿ. ಉಪಗ್ರಹ ಚಿತ್ರದಲ್ಲಿ ರಸ್ತೆ ಕಾಣಿಸದೆ ಬರೀ ಮರ ಕಂಡ್ರೆ ಬಿಟ್ಟುಬಿಡಿ. ಮಣ್ಣಿನ ರಸ್ತೆ ತಪ್ಪಿಸುವ ಸೆಟ್ಟಿಂಗ್ ಇದ್ರೆ ಹಾಕಿ. 15 ನಿಮಿಷಕ್ಕಿಂತ ಕಡಿಮೆ ಉಳಿತಾಯಕ್ಕೆ ಮುಖ್ಯರಸ್ತೆ ಬಿಡಬೇಡಿ. ಇದು ನಮ್ಮ ಹೊಸ ನಿಯಮ, ಅದರ ಬೆಲೆ ಒಂದು ಮೂಳೆ. ಬೈಕಿನಲ್ಲಿ ಓಡಿಸುವವನು ಪರದೆ ನೋಡೋದು ಬೇಡ. ಹಿಂದೆ ಕೂತವನಿಗೆ ಆ ಕೆಲಸ ಕೊಡಿ, ಒಬ್ಬನೇ ಇದ್ರೆ ಕಿವಿಗೆ ಧ್ವನಿ ಮಾತ್ರ ಕೊಡಿ. 2020ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ನಿಯಮದ ಪ್ರಕಾರ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು, ಅದೂ ಗಮನ ತಪ್ಪದ ಹಾಗೆ. ಇನ್ನು, ದುಬಾರಿ ಫೋನನ್ನ ಹ್ಯಾಂಡಲ್ಲಿಗೆ ಕಟ್ಟಬೇಡಿ. ಬೈಕ್ ಎಂಜಿನ್ನಿನ ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ಹಳೇ ಫೋನ್ ಸಾಕು ಅಂತ ನಾವು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹಾಗಾದ್ರೆ ಡಿವೈಸ್ ಯಾರಿಗೂ ಬೇಡವಾ? ಬೇಕು. ತಿಂಗಳುಗಟ್ಟಲೆ ಬೈಕಿನಲ್ಲಿ ಸುತ್ತುವವರಿಗೆ, ಮಳೆಯಲ್ಲಿ ಓಡಿಸುವವರಿಗೆ, ಲಡಾಖ್ ಕನಸು ಇರುವವರಿಗೆ. ಅಂಥವರು ನೋಡಬೇಕಾದ್ದು ಪರದೆಯ ಅಳತೆಯನ್ನಲ್ಲ. ಬಿಸಿಲಿನಲ್ಲಿ ಕಾಣುತ್ತಾ, ಗ್ಲೌಸ್ ಹಾಕಿದ ಬೆರಳಿಗೆ ಸ್ಪಂದಿಸುತ್ತಾ, ಐಪಿಎಕ್ಸ್7 ಇದೆಯಾ ಅಂದ್ರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತಾ, ಬೈಕಿನ ಬ್ಯಾಟರಿಯಿಂದ ಚಾರ್ಜ್ ಆಗುತ್ತಾ, ಜಿಪಿಎಕ್ಸ್ ಫೈಲ್ ಹಾಕಬಹುದಾ, ಮ್ಯಾಪ್ ಅಪ್‌ಡೇಟ್ ಎಷ್ಟು ವರ್ಷ ಪುಕ್ಕಟೆ. ಇಷ್ಟಕ್ಕೂ ಉತ್ತರ ಸಿಕ್ಕರೆ ತಗೊಳ್ಳಿ. ನಮ್ಮ ಮೂರು ದಿನದ ಟ್ರಿಪ್ಪಿಗೆ ಹಳೇ ಫೋನು, ಒಂದು ಪವರ್ ಬ್ಯಾಂಕು, ಒಂದು ಪ್ಲಾಸ್ಟಿಕ್ ಕವರು ಸಾಕು.

ಇನ್ನು ನಾಲ್ಕನೇ ಕೆಲಸ: ಹೆಸರು. ಇದನ್ನ ಯಾವ ಡಿವೈಸಿನ ಡಬ್ಬಿಯ ಮೇಲೂ ಬರೆದಿರಲ್ಲ. ಆದ್ರೆ ಅವತ್ತು ನಮಗೆ ಬೇಕಾಗಿದ್ದು ಇದೇ.

ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಊರುಗಳು ಏನಾಗ್ತವೆ ಅಂತ ನೋಡಿ. ಬೇಲೂರು, ಬೆಳ್ಳೂರು ಕನ್ನಡದಲ್ಲಿ ಪೂರ್ತಿ ಬೇರೆ ಬೇರೆ, ಇಂಗ್ಲಿಷಿನಲ್ಲಿ ಒಂದು 'ಎಲ್' ವ್ಯತ್ಯಾಸ. ಹಾಸನದ ಕಡೆ ಹೊರಟವರಿಗೆ ಎರಡೂ ಹುಡುಕಾಟದಲ್ಲಿ ಬರುತ್ತವೆ. ಹೊಳೆನರಸೀಪುರದ 'ಹೊಳೆ'ಯನ್ನ ಇಂಗ್ಲಿಷ್ ಧ್ವನಿ 'ಹೋಲ್' ಅಂತ ಓದಿದ್ರೆ ಹೊಳೆ ಹೋಗಿ ತೂತಾಗುತ್ತೆ. ಲ-ಳ, ನ-ಣ, ಹ್ರಸ್ವ-ದೀರ್ಘ ಎಲ್ಲ ಒಂದೇ ಬುಟ್ಟಿಗೆ. ಹೊಸಹಳ್ಳಿಗಳಂತೂ ನಮ್ಮ ರಾಜ್ಯದಲ್ಲಿ ಎಷ್ಟಿವೆಯೋ ದೇವರೇ ಬಲ್ಲ. ಹಾಗಾಗಿ ಊರು ಹುಡುಕುವಾಗ ತಾಲ್ಲೂಕು, ಜಿಲ್ಲೆ ಎರಡನ್ನೂ ನೋಡಿ ಒತ್ತಿ. ಇದು ದೊಡ್ಡ ಊರುಗಳ ಮಾತಾಯ್ತು. ನಾವು ಸಿಕ್ಕಿಬಿದ್ದ ಆ ನಾಲ್ಕು ಮನೆಯ ಊರಿಗೆ ಮ್ಯಾಪಿನಲ್ಲಿ ಹೆಸರೇ ಇರಲಿಲ್ಲ. ಅಜ್ಜಿ ಹೇಳಿದ ಕಟ್ಟೆಗೂ ಇರಲಿಲ್ಲ. ಜೀಪಿನವರ ತಲೆಯಲ್ಲಿದ್ದ ಮ್ಯಾಪ್ ಇಡೀ ಆ ಹೆಸರುಗಳಿಂದಲೇ ಆಗಿತ್ತು.

ಈ ಕೆಲಸವನ್ನ ಯಾವ ಕಂಪನಿಯೂ ನಮಗಾಗಿ ಮಾಡಿಕೊಡಲ್ಲ, ಮಾಡಬೇಕಾದವರು ನಾವೇ. ದಾರಿಯೂ ಇದೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಮ್ಯಾಪ್. ಓಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆಫ್‌ಲೈನ್ ಆ್ಯಪುಗಳು ಓಡೋದು ಅದರ ಮೇಲೇ. ಅದರಲ್ಲಿ ಪ್ರತಿ ಊರಿಗೂ ಕನ್ನಡ ಹೆಸರು ಬರೆಯೋಕೆ ಪ್ರತ್ಯೇಕ ಜಾಗ ಇದೆ. ಇದು ರಸ್ತೆ, ಇದು ಕಾಲುದಾರಿ, ಇದು ಎತ್ತಿನಗಾಡಿ ದಾರಿ ಅಂತ ಬೇರೆ ಬೇರೆ ಗುರುತು ಹಾಕೋಕೂ ಆಗುತ್ತೆ. ಒಂದು ಗುರುತು ಸರಿ ಮಾಡಿದ್ರೆ ಮುಂದೆ ಅದೇ ಮ್ಯಾಪ್ ನೋಡಿ ಬರುವವರಿಗೆ ಒಂದು ಸಂಕ ತಪ್ಪುತ್ತೆ.

ರಾಜ್ಯೋತ್ಸವಕ್ಕೆ ನಾವು ಬಾವುಟ ಕಟ್ತೀವಿ, ಕ್ವಿಜ್ ಮಾಡ್ತೀವಿ, 'ತಂತ್ರಜ್ಞಾನದಲ್ಲಿ ಕನ್ನಡ' ಅಂತ ಭಾಷಣ ಕೇಳಿಸಿಕೊಂಡು ಚಪ್ಪಾಳೆ ಹೊಡೀತೀವಿ. ಬೇಡ ಅಂತ ಅಲ್ಲ. ಅದರ ಜೊತೆಗೆ ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ನಮ್ಮ ನಮ್ಮ ಊರಿನ ಐದೈದು ಹೆಸರು: ಒಂದು ಕೆರೆ, ಒಂದು ಕಟ್ಟೆ, ಒಂದು ಗುಡಿ, ಒಂದು ಹಳ್ಳ, ಒಂದು ಕೇರಿ. ಮನೆಯಲ್ಲಿ ಅಜ್ಜ-ಅಜ್ಜಿಯನ್ನ ಕೇಳಿ, ಸರಿಯಾದ ಕನ್ನಡ ಕಾಗುಣಿತದಲ್ಲಿ ಮ್ಯಾಪಿಗೆ ಸೇರಿಸೋಣ. ಅವರು ಹೋದ ಮೇಲೆ ಆ ಹೆಸರುಗಳನ್ನ ಹೇಳೋರು ಯಾರೂ ಇರಲ್ಲ.

ನಾವು ಶುರು ಮಾಡಿದ್ದೀವಿ. ಆ ಹಳ್ಳದ ಮೇಲಿನ ಗೆರೆ ಈಗ ಕಾಲುದಾರಿ ಅಂತ ಬದಲಾಗಿದೆ, ಪಕ್ಕದಲ್ಲಿ ಅಜ್ಜಿ ಹೇಳಿದ ಊರಿನ ಹೆಸರು ಕನ್ನಡದಲ್ಲೇ ಕೂತಿದೆ. ತಿದ್ದಿದ್ದು ಪ್ಲಾಸ್ಟರ್ ಹಾಕಿಸಿಕೊಂಡು ಹಾಸ್ಟೆಲ್ ಮಂಚದ ಮೇಲೆ ಆರು ವಾರ ಕೂತಿದ್ದವನೇ. ಬೇರೆ ಕೆಲಸ ಇರಲಿಲ್ಲ ಅಂತಾನೆ. ನಮಗೆ ಮಾತ್ರ ಹಾಗನ್ನಿಸಲ್ಲ.